ಪ್ರೇಮಚಿತ್ರದ ಪೋಸ್ಟರ್: ವರ್ತಕರಿಗೊಂದು ಪಾಠ

ಸರಕು ಎಷ್ಟೇ ಉತ್ತಮವಾಗಿದ್ದರೂ ಅದು ಯಾರಿಗಾಗಿ ತಯಾರಾಗಿದೆ ಎಂಬುದು ಗ್ರಾಹಕನಿಗೆ ತಿಳಿಯದಿದ್ದರೆ ಅಂಗಡಿಯ ಕಪಾಟಿನಲ್ಲಿಯೇ ಉಳಿಯುತ್ತದೆ. ಚಲನಚಿತ್ರ ನಿರ್ಮಾಪಕನಿಗೆ ಈ ಆತಂಕ ಇನ್ನೂ ಹೆಚ್ಚು. ಮಾರಾಟವಾಗದ ಬಟ್ಟೆಯನ್ನು ಮುಂದಿನ ಹಬ್ಬದವರೆಗೆ ಇಟ್ಟುಕೊಳ್ಳಬಹುದು. ಇಂದಿನ ಆಟದಲ್ಲಿ ಖಾಲಿ ಉಳಿದ ಆಸನವನ್ನು ನಾಳೆ ಮಾರಲಾಗದು. ಆದುದರಿಂದಲೇ ದಾರಿಹೋಕನ ಕ್ಷಣಕಾಲದ ನೋಟವನ್ನು ಹಿಡಿದು ನಿಲ್ಲಿಸುವಂತೆ ಪೋಸ್ಟರ್ ರೂಪುಗೊಳ್ಳುತ್ತದೆ. ಅದರಲ್ಲಿಯೂ ಪ್ರೇಮಚಿತ್ರದ ಪೋಸ್ಟರ್ ತನ್ನ ಗ್ರಾಹಕನನ್ನು ಆರಿಸಿಕೊಳ್ಳುವ ಬಗೆಯನ್ನು ರಾಬರ್ಟ್‌ಸನ್‌ಪೇಟೆಯ ವರ್ತಕರು ಗಮನಿಸತಕ್ಕದ್ದಾಗಿದೆ.

ಅಕ್ಷರಕ್ಕಿಂತ ಮೊದಲು ಚಿತ್ರ

ಕೋಲಾರ ಚಿನ್ನದ ಗಣಿ ಪ್ರದೇಶದ ಮುಖ್ಯ ಪೇಟೆಯಾದ ಇಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳ ಗ್ರಾಹಕರಿದ್ದಾರೆ. ಓದಬಲ್ಲ ಲಿಪಿ ಎಲ್ಲರಿಗೂ ಒಂದೇ ಅಲ್ಲ. ಪ್ರೇಮಿಗಳ ಚಿತ್ರ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ. 1987ರಲ್ಲಿ ರವಿಚಂದ್ರನ್ ಅವರ ‘ಪ್ರೇಮಲೋಕ’ವು ತಮಿಳಿನಲ್ಲಿ ‘ಪರುವ ರಾಗಂ’ ಎಂಬ ಹೆಸರಿನಿಂದ ತೆರೆಗೆ ಬಂದಿತು. ಹೆಸರೂ ಲಿಪಿಯೂ ಬದಲಾದವು. ಕಾಲೇಜು ಯುವಕ ಯುವತಿಯರೆಂಬ ಗ್ರಾಹಕವರ್ಗ ಬದಲಾಗಲಿಲ್ಲ.

ಒಂದೇ ಭರವಸೆ

2006ರ ಡಿಸೆಂಬರ್ ಕೊನೆಯಲ್ಲಿ ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’ ಬಿಡುಗಡೆಯಾದಾಗ ನಾಯಕ ಗಣೇಶ್ ಇನ್ನೂ ದೊಡ್ಡ ತಾರೆಯಾಗಿರಲಿಲ್ಲ. ಪೂಜಾ ಗಾಂಧಿ ಕನ್ನಡಕ್ಕೆ ಹೊಸಬರು. ತಾರೆಯ ಹೆಸರನ್ನು ಮಾರುವಂತಿರಲಿಲ್ಲವಾದ್ದರಿಂದ ಮಳೆಯನ್ನೇ ಮುಂದಿಡಲಾಯಿತು. ಹೆಸರಿನಲ್ಲಿ ಮಳೆ, ಚಿತ್ರದಲ್ಲಿ ಮಳೆಯಲ್ಲಿ ನೆನೆದ ಜೋಡಿ. ಚಿತ್ರಮಂದಿರದೊಳಗೆ ಹೋದವನಿಗೂ ಅದೇ ಮಳೆ ಯಥೇಚ್ಛವಾಗಿ ದೊರೆಯಿತು. ನೋಡಿದವರು ಇತರರಿಗೆ ಹೇಳಿದರು. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಚಿತ್ರವು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಪೋಸ್ಟರ್ ಮೊದಲ ವಾರದ ಗಿರಾಕಿಯನ್ನು ಕರೆತರಬಹುದು. ಮುಂದಿನ ವಾರಗಳ ಗಿರಾಕಿಯನ್ನು ತರುವುದು ಉಳಿಸಿಕೊಂಡ ಮಾತು.

ಗ್ರಾಹಕ ಬದಲಾದರೆ ಪೋಸ್ಟರ್ ಕೂಡ ಬದಲಾಗಬೇಕು. 2014ರ ‘ಮಿಸ್ಟರ್ ಅಂಡ್ ಮಿಸಸ್ ರಾಮಾಚಾರಿ’ ಚಿತ್ರದ ಹೆಸರಿನಲ್ಲಿಯೇ ಜೋಡಿಯಿದೆ. ಕುಟುಂಬದೊಡನೆ ಬರುವವರಿಗೂ ಅದು ಆಹ್ವಾನ. ಅದೇ ಯಶ್ ನಾಯಕರಾಗಿ, ಇದೇ ಗಣಿ ಊರಿನ ಹೆಸರು ಹೊತ್ತು 2018ರಲ್ಲಿ ಬಂದ ‘ಕೆ.ಜಿ.ಎಫ್’ ಸಾಹಸಪ್ರಿಯರನ್ನು ಕರೆದದ್ದು ಧೂಳು ಮತ್ತು ಕಪ್ಪು ಬಣ್ಣಗಳಿಂದ. ನಟ ಒಬ್ಬನೇ, ಆದರೆ ಗಿರಾಕಿ ಬೇರೆ.

ಪೇಟೆಗೆ ಅನ್ವಯ

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅದರೊಂದಿಗೆ ಗಣಿಯ ಸಂಬಳದ ದಿನ ತಾನಾಗಿಯೇ ಅಂಗಡಿಗೆ ಬರುತ್ತಿದ್ದ ಗಿರಾಕಿಯೂ ಇಲ್ಲವಾದ. ಈಗ ಸಾವಿರಾರು ಮಂದಿ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿನ ಕೆಲಸಕ್ಕೆ ಹೊರಟು ರಾತ್ರಿ ಹಿಂದಿರುಗುತ್ತಾರೆ. ಅವರ ಗಳಿಕೆ ಬೆಂಗಳೂರಿನ ಅಂಗಡಿಗಳಲ್ಲಿಯೇ ಖರ್ಚಾದರೆ ಇಲ್ಲಿನ ಬಟ್ಟೆ, ಚಪ್ಪಲಿ, ಪಾತ್ರೆ ವ್ಯಾಪಾರಕ್ಕೆ ಉಳಿಯುವುದು ಉದ್ರಿ ಪುಸ್ತಕ ಮಾತ್ರ. ರೈಲು ಹಿಡಿಯುವ ಅವಸರದಲ್ಲಿರುವವನು ನಾಮಫಲಕದ ಮೇಲೆ ತುಂಬಿದ ಹತ್ತು ಸರಕುಗಳ ಪಟ್ಟಿಯನ್ನು ಓದುವುದಿಲ್ಲ. ‘ರಾತ್ರಿ ಹತ್ತರವರೆಗೆ ತೆರೆದಿದೆ’ ಎಂಬ ಒಂದು ಸಾಲು ಅವನಿಗೆ ನೇರವಾಗಿ ತಾಗೀತು.

ವೆಚ್ಚದ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ರಾಜ್ಯ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ನಿಷೇಧಿಸಿರುವುದರಿಂದ ಬಟ್ಟೆ ಅಥವಾ ಕಾಗದವೇ ಸುರಕ್ಷಿತ. ಫಲಕ ಹಾಕುವ ಮುನ್ನ ನಗರಸಭೆಯ ಅನುಮತಿ, ಮುದ್ರಣಕ್ಕೆ ಸರಿಯಾದ ಬಿಲ್, ಹಾಕಿದ ನಂತರದ ತಿಂಗಳ ಮಾರಾಟವನ್ನು ಹಿಂದಿನ ತಿಂಗಳಿನೊಡನೆ ಹೋಲಿಸುವ ಅಭ್ಯಾಸ, ಇವು ಮೂರೂ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಫಲಕದ ಮೇಲಿನ ಮಾತು. ರಾತ್ರಿ ಹತ್ತರವರೆಗೆ ಎಂದು ಬರೆದ ಅಂಗಡಿಯ ಬಾಗಿಲು ಒಂಬತ್ತೂವರೆಗೆ ಮುಚ್ಚಿದ್ದರೆ, ರೈಲಿಳಿದು ಬಂದ ಗಿರಾಕಿ ಎರಡನೆಯ ಸಲ ಆ ದಾರಿಗೆ ಬರಲಾರ.