ಸ್ಮೃತಿಯ ದ್ವಾರದಲ್ಲಿ

ಪ್ರಶ್ನೆ: ನಿನ್ನೆ ಸೈಕಲ್ ನಿಲ್ಲಿಸಿದ ಜಾಗ, ಇಂದು ನಿಲ್ಲಿಸಿದ ಜಾಗ, ಇವೆರಡರ ನೆನಪು ಕಲಸಿಹೋಗದಂತೆ ಮಿದುಳು ಹೇಗೆ ಕಾಯುತ್ತದೆ?

ಉತ್ತರ: ಈ ಕಾರ್ಯದ ಬಹುಭಾರವನ್ನು ಹೊತ್ತಿರುವುದು, ಮಿದುಳಿನ ಎರಡೂ ಪಾರ್ಶ್ವಗಳಲ್ಲಿ ಆಳವಾಗಿ ಹುದುಗಿರುವ ಹಿಪೊಕ್ಯಾಂಪಸ್ ಎಂಬ ಬಾಗಿದ ಅಂಗ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ, ಅಪಸ್ಮಾರದ ಶಮನಾರ್ಥವಾಗಿ, ಇದರ ಗಣನೀಯ ಭಾಗವನ್ನು ಛೇದಿಸಿ ತೆಗೆದ ತರುವಾಯ, ಹೊಸ ಘಟನೆಗಳು ಅವರ ಸ್ಮೃತಿಯಲ್ಲಿ ನಿಲ್ಲದೆ ಹೋದುವು.

ಮಿದುಳಿನ ಹೊರಪದರವಾದ ಕಾರ್ಟೆಕ್ಸಿನಿಂದ ಹಿಪೊಕ್ಯಾಂಪಸ್ಸಿಗೆ ಹರಿದುಬರುವ ಸಂಕೇತಗಳ ಮುಖ್ಯದ್ವಾರ ಡೆಂಟೇಟ್ ಗೈರಸ್ ಎಂಬ ಮಡಿಕೆ. ಇಲಿಯಲ್ಲಿ ಸುಮಾರು 2 ಲಕ್ಷ ನರಕೋಶಗಳು ಕಳುಹಿದ ಸುದ್ದಿಯನ್ನು ಇಲ್ಲಿ ಕಣಕೋಶಗಳೆಂಬ ಸುಮಾರು 10 ಲಕ್ಷ ನರಕೋಶಗಳು ಸ್ವೀಕರಿಸುತ್ತವೆ. ಆದರೆ, ಆಶ್ಚರ್ಯವೆಂದರೆ, ಒಂದು ಸಂದರ್ಭದಲ್ಲಿ ಮಾತನಾಡುವುವು ಅವುಗಳಲ್ಲಿ ಕೆಲವೇ ಕೆಲವು. ಏಕೆಂದರೆ, ಒಳಬರುವ ಅದೇ ಸಂಕೇತವು ಕಣಕೋಶವನ್ನು ಪ್ರಚೋದಿಸುವುದರೊಡನೆ ನೆರೆಯ ನಿಗ್ರಹಕೋಶಗಳನ್ನೂ ಎಚ್ಚರಿಸುತ್ತದೆ. ಅವು ಗಾಬಾ ಎಂಬ ರಸಾಯನವನ್ನು ಸ್ರವಿಸಿ ಸುತ್ತಣ ಕೋಶಗಳ ಬಾಯಿ ಕಟ್ಟುವುದರಿಂದ, ಹಲವು ತಂತುಗಳಿಂದ ಏಕಕಾಲಕ್ಕೆ ಪ್ರಬಲವಾಗಿ ಪ್ರೇರಿತವಾದವು ಮಾತ್ರ ಸಿಎ3 ಎಂಬ ಮುಂದಿನ ಭಾಗಕ್ಕೆ ಸುದ್ದಿ ಮುಟ್ಟಿಸಬಲ್ಲವು. ಹೀಗೆ, ಬಹುತೇಕ ಸದೃಶವಾದ ಎರಡು ಅನುಭವಗಳಿಗೂ ಬಹುಮಟ್ಟಿಗೆ ಬೇರೆ ಬೇರೆ ಕೋಶಸಮೂಹಗಳು ಮೀಸಲಾಗುವುವು. ಸ್ಮೃತಿಯ ಸ್ಪಷ್ಟತೆಗೆ ಅಸಂಖ್ಯ ಕೋಶಗಳ ಈ ಮೌನವೇ ಆಧಾರವೆಂಬುದು ನನಗಂತೂ ಅತ್ಯಂತ ಸುಂದರವಾಗಿ ತೋರುತ್ತದೆ. ನಿಗ್ರಹವು ಕುಂದಿದಲ್ಲಿ, ಅಪಸ್ಮಾರದ ಆವೇಗವು ಇದೇ ದಾರಿಯಿಂದ ಹಿಪೊಕ್ಯಾಂಪಸ್ಸಿನೊಳಕ್ಕೆ ನುಗ್ಗಬಲ್ಲದು.