ಆರು ವಾರದ ಪರದೇಶದ ಕಲಿಕೆ: ಹೊಲಕ್ಕೆ ಏನು ಬರುತ್ತದೆ?

ಪರದೇಶಕ್ಕೆ ಹೋಗಿ ನಾಲ್ಕಾರು ವರ್ಷ ಓದಿ ಪದವಿ ಪಡೆದು ಬರುವುದು ಒಂದು ಬಗೆ. ಆರು ವಾರ, ಮೂರು ತಿಂಗಳು ಇದ್ದು, ಒಂದು ವಿಷಯವನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿ ಬರುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಮಾತು ಈಗ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ನಮ್ಮ ಕನ್ನಡ ಹಳ್ಳಿಗಳಿಗೂ ಬಂದಿದೆ. 2017ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಆರಂಭವಾದ ರಾಷ್ಟ್ರೀಯ ಕೃಷಿ ಉನ್ನತ ಶಿಕ್ಷಣ ಯೋಜನೆಯಲ್ಲಿ, ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠವೂ ಸೇರಿದಂತೆ ಹಲವು ವಿದ್ಯಾಪೀಠಗಳ ವಿದ್ಯಾರ್ಥಿಗಳು ಹೊರದೇಶಗಳಲ್ಲಿ ಇಂಥ ಅಲ್ಪಾವಧಿಯ ತರಬೇತಿ ಪಡೆದು ಬಂದರು. ಅವರಲ್ಲಿ ರೈತರ ಮಕ್ಕಳೂ ಇದ್ದರು.

ತಂದೆತಾಯಿಗಳಿಗೆ ಇದರಿಂದ ಹಿಗ್ಗೂ ಇದೆ, ಅಂಜಿಕೆಯೂ ಇದೆ. ಕಳೆದ ಸುಗ್ಗಿಯಲ್ಲಿ ನೆರೆಯೂರಿನ ರೈತರೊಬ್ಬರು ರಾಶಿಯ ಕೆಲಸ ಬಿಟ್ಟು ಬಂದು, “ಮಾಸ್ತರ್ರೀ, ನಾಲ್ಕ ಎಕರೆ ಒತ್ತಿ ಇಟ್ರ ಹುಡುಗನ್ನ ಪರದೇಶಕ್ಕ ಕಳಸಬಹುದಂತ. ಏನ್ ಮಾಡ್ಲಿ?” ಎಂದು ಕೇಳಿದರು. ಇದೇ ಪ್ರಶ್ನೆ ಇನ್ನೂ ಹತ್ತು ಮನೆಗಳಲ್ಲಿ ಇದ್ದೀತು. ಆದುದರಿಂದ ಈ ಕಲಿಕೆಯ ಬೆಲೆ ಎಷ್ಟೆಂಬುದನ್ನು ವಿಚಾರಿಸೋಣ.

ಆಕಳ ದೇಶ, ಎಮ್ಮೆಯ ಪ್ರಶ್ನೆ

ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರಿ ಸಂಘ ನೋಂದಣಿಯಾದದ್ದು 1946ರಲ್ಲಿ. ‘ಅಮುಲ್’ ಎಂದು ನಾವೆಲ್ಲ ಬಲ್ಲದ್ದು ಅದೇ ಸಂಘದ ಹಾಲು, ಬೆಣ್ಣೆಗಳ ಹೆಸರು. 1949ರಲ್ಲಿ ಅಲ್ಲಿಯ ಆನಂದ ಪಟ್ಟಣಕ್ಕೆ ಬಂದ ವರ್ಗೀಸ್ ಕುರಿಯನ್ನರು ಯಂತ್ರಶಾಸ್ತ್ರ ಓದಿದವರು. 1952-53ರಲ್ಲಿ ಸರಕಾರ ಅವರನ್ನು ಹೈನಿನ ತರಬೇತಿಗಾಗಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳಿಗೆ ಕಳಿಸಿತು.

ಆ ದೇಶಗಳ ಹೈನೆಲ್ಲ ಆಕಳಿನದು. ಖೇಡಾ ರೈತರ ಕೊಟ್ಟಿಗೆಯಲ್ಲಿ ಇದ್ದದ್ದು ಎಮ್ಮೆ. ಆಕಳ ಹಾಲಿನಲ್ಲಿ ನೂರಕ್ಕೆ ಸುಮಾರು 4 ಪಾಲು ಜಿಡ್ಡಿದ್ದರೆ ಎಮ್ಮೆಯ ಹಾಲಿನಲ್ಲಿ ಸುಮಾರು 7 ಪಾಲು. ಎಮ್ಮೆಯ ಹಾಲನ್ನು ಪುಡಿ ಮಾಡಲಾಗದೆಂದು ಆಗ ಪರದೇಶದ ತಜ್ಞರು ಹೇಳುತ್ತಿದ್ದರು. ಆದರೆ ಚಳಿಗಾಲದಲ್ಲಿ ಹಾಲು ಹೆಚ್ಚಾಗಿ, ಕೊಳ್ಳುವವರಿಲ್ಲದೆ ರೈತರು ಕಂಗಾಲಾಗುತ್ತಿದ್ದರು. ಪುಡಿ ಮಾಡದೆ ಗತಿಯಿರಲಿಲ್ಲ. ಕುರಿಯನ್ನರ ಸಂಗಡಿಗರಾದ ಎಚ್. ಎಂ. ದಲಾಯರು ಪ್ರಯೋಗ ಮಾಡಿ ಅದನ್ನು ಸಾಧಿಸಿ ತೋರಿಸಿದರು. 1955ರ ಅಕ್ಟೋಬರ್ 31ರಂದು ಜವಾಹರಲಾಲ್ ನೆಹರೂ ಅವರು ಆನಂದದ ಹೊಸ ಡೇರಿಯನ್ನು ಉದ್ಘಾಟಿಸಿದರು.

ಕತ್ತಿಯಂಥ ಉದ್ದ ಕೊಂಬಿನ ಪಂಢರಪುರಿ ಎಮ್ಮೆ ಸಾಕುವ ನಮಗೆ ಇದರ ಅರ್ಥ ಬೇಗ ತಿಳಿಯಬೇಕು. ಪರದೇಶದಲ್ಲಿ ಯಂತ್ರ ನೋಡಬೇಕು, ಲೆಕ್ಕ ಇಡುವ ಶಿಸ್ತು ಕಲಿಯಬೇಕು. ಕೇಳುವ ಪ್ರಶ್ನೆ ಮಾತ್ರ ನಮ್ಮ ಕೊಟ್ಟಿಗೆಯದೇ ಇರಬೇಕು.

ನೆಲ ಬೇರೆಯಾದರೆ ರೀತಿಯೂ ಬೇರೆ

ಹನಿ ನೀರಾವರಿಯನ್ನೇ ತೆಗೆದುಕೊಳ್ಳಿರಿ. ಇಸ್ರೇಲಿನ ಹಾತ್ಸೆರಿಮ್ ಎಂಬ ಸಾಮೂಹಿಕ ಒಕ್ಕಲುತನದ ಊರು 1965ರಲ್ಲಿ ಇದರ ಕೊಳವೆಗಳ ಕಾರಖಾನೆ ಆರಂಭಿಸಿತು. ಅದನ್ನು ನೋಡಿ ಕಲಿಯಲು ಎಷ್ಟೋ ದೇಶದವರು ಹೋದರು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ನಮ್ಮಲ್ಲಿ ಜೂನಿನಿಂದ ಅಕ್ಟೋಬರದವರೆಗೆ. ಉಸುಕು ನೆಲದಲ್ಲಿ ಹನಿ ನೇರವಾಗಿ ಕೆಳಗಿಳಿಯುತ್ತದೆ. ಆದುದರಿಂದ ಹನಿ ಬೀಳುವ ತೂತುಗಳು ಹತ್ತಿರ ಹತ್ತಿರ ಇರಬೇಕು. ನಮ್ಮ ಎರೆ ಭೂಮಿಯಲ್ಲಿ ಅದೇ ಹನಿ ಅಡ್ಡಲಾಗಿ ಹರಡುತ್ತದೆ; ತೂತುಗಳನ್ನು ದೂರ ಇಡಬಹುದು, ಆದರೆ ನೀರನ್ನು ನಿಧಾನವಾಗಿ ಬಿಡಬೇಕು. ಇಲ್ಲವಾದರೆ ಬುಡದಲ್ಲಿ ನೀರು ನಿಂತು ಬೇರು ಕೊಳೆತೀತು. ಅಲ್ಲಿಯ ಅಳತೆಯನ್ನು ಬರೆದುಕೊಂಡು ಬಂದವನು ನಕಲು ತಂದ ಹಾಗಾಯಿತು. ‘ಇಲ್ಲಿ ಈ ಅಳತೆ ಏಕೆ?’ ಎಂದು ಕೇಳಿ ಬಂದವನು ವಿದ್ಯೆ ತಂದ ಹಾಗಾಯಿತು.

ಅವರೂ ನಮ್ಮಲ್ಲಿಗೆ ಬರುತ್ತಾರೆ

ಕಲಿಕೆಯ ದಾರಿ ಒಂದೇ ಕಡೆಗಿಲ್ಲ. ಸೊಲ್ಲಾಪುರದಲ್ಲಿ 1933ರಿಂದಲೇ ಒಣಬೇಸಾಯದ ಸಂಶೋಧನೆ ನಡೆದಿದೆ. 1970ರಲ್ಲಿ ಅಖಿಲ ಭಾರತ ಒಣಬೇಸಾಯ ಯೋಜನೆ ಆರಂಭವಾದಾಗ ಕೆನಡಾ ದೇಶ ಅದರಲ್ಲಿ ಕೈಗೂಡಿಸಿತು. ಸೊಲ್ಲಾಪುರ, ವಿಜಯಪುರಗಳು ಅದರ ಕೇಂದ್ರಗಳು. ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ‘ಇಕ್ರಿಸ್ಯಾಟ್’ಗೆ ಆಫ್ರಿಕಾ, ಏಷ್ಯಾ ಖಂಡಗಳ ತರುಣರು ಬಂದು ತರಬೇತಿ ಪಡೆದಿದ್ದಾರೆ. ಅಲ್ಲಿ ಸಂಶೋಧನೆ ನಡೆಯುವ ಬೆಳೆಗಳು ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ: ನಮ್ಮ ಹೊಲದ ಬೆಳೆಗಳೇ! ಸೊಲ್ಲಾಪುರದಲ್ಲಿಯೇ 2005ರಿಂದ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಪರದೇಶಕ್ಕೆ ಹೊರಡುವ ವಿದ್ಯಾರ್ಥಿ ಮೊದಲು ಇವುಗಳನ್ನು ನೋಡಿರಬೇಕು. ಮನೆಯ ಬದು ನೋಡದವನಿಗೆ ಪರರ ಬದು ಏನು ತಿಳಿದೀತು?

ಭಾಷೆಯ ಅಂಜಿಕೆ ಬೇಡ

ಕನ್ನಡ ಸಾಲಿಯಲ್ಲಿ ಕಲಿತ ಮಗು ಪರದೇಶದಲ್ಲಿ ಮಾತಾಡೀತೇ ಎಂದು ಕೆಲವರು ಕೇಳುತ್ತಾರೆ. ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟಣೀಸರು 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಅವರು ಹೋದದ್ದು ಸೇವೆಗೆ, ಕಲಿಕೆಗಲ್ಲ. ಆದರೂ ಆ ಜನರ ನಡುವೆ ಇದ್ದು ಚೀನೀ ಭಾಷೆ ಕಲಿತರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆ ಹಿಡಿಯುವ ರೂಢಿ ಚಿಕ್ಕಂದಿನಿಂದಲೇ ಇದೆ. ಹೊರಡುವ ಆರು ತಿಂಗಳು ಮೊದಲಿನಿಂದ ಇಂಗ್ಲಿಷನ್ನು ಬಾಯಿಬಿಟ್ಟು ಮಾತಾಡಿ ರೂಢಿಸಲಿ, ಸಾಕು.

ಹೊಲ ಒತ್ತಿ ಇಡುವ ಮುನ್ನ

ಆ ರೈತರಿಗೆ ನಾನು ಹೇಳಿದ್ದು ಇಷ್ಟೇ: ಆರು ವಾರದ ಕಲಿಕೆಗಾಗಿ ಸಾತ್‌ಬಾರಾ ಉತಾರದ ಮೇಲೆ ಬೋಜಾ ಏರಿಸಬೇಡಿರಿ. ಈ ಕಲಿಕೆಯಿಂದ ದೊರೆಯುವುದು ಪ್ರಮಾಣಪತ್ರ, ಪದವಿಯಲ್ಲ. ‘ಅಲ್ಲಿಯೇ ನೌಕರಿ ಸಿಗುತ್ತದೆ’ ಎನ್ನುವ ದಲಾಲಿಯ ಮಾತು ನಂಬತಕ್ಕದ್ದಲ್ಲ. ಕಲಿಯಲೆಂದು ಕೊಟ್ಟ ಅಲ್ಪಾವಧಿಯ ವೀಸಾ ನೌಕರಿಗಲ್ಲ.

ಹಣ ಕೊಡುವ ಮೊದಲು ನಾಲ್ಕು ಮಾತು ವಿಚಾರಿಸಿರಿ. ಒಂದು, ಮಗುವಿನ ಕಾಲೇಜು ಇದನ್ನು ಬಲ್ಲದೇ? ಎರಡು, ಅಲ್ಲಿಯ ವಿದ್ಯಾಪೀಠದಿಂದ ಮಗುವಿನ ಹೆಸರಿಗೇ ಪತ್ರ ಬಂದಿದೆಯೇ? ಮೂರು, ವಿಮಾನ, ವಸತಿ, ಊಟ, ವಿಮೆ ಇವುಗಳಲ್ಲಿ ಯಾವುದನ್ನು ಯಾರು ಕೊಡುತ್ತಾರೆಂದು ಬರೆದುಕೊಟ್ಟಿದ್ದಾರೆಯೇ? ನಾಲ್ಕು, ಹಣಕ್ಕೆ ರಸೀತಿ ಇದೆಯೇ? ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಅಲ್ಲಿಗೇ ನಿಲ್ಲಿಸಿರಿ. ವಿದ್ಯಾರ್ಥಿವೇತನ ಸಿಕ್ಕರೆ ಮಗಳಿರಲಿ, ಮಗನಿರಲಿ, ಸಂತೋಷದಿಂದ ಕಳಿಸಿರಿ.

ತಿರುಗಿ ಬಂದ ಮೇಲೆ

ಹೋಗುವಾಗ ಮಗುವಿನ ಕೈಯಲ್ಲಿ ನಿಮ್ಮ ಹೊಲದ ಮೂರು ಪ್ರಶ್ನೆ ಬರೆದುಕೊಡಿರಿ: ಹಿಂಗಾರಿ ಜೋಳದ ಕಾಲಕ್ಕೆ ನೆಲ ಬಿರಿಯುವುದು, ಬಾವಿಯ ನೀರು ಸವುಳಾಗುವುದು, ಕಾಳಿಗೆ ಹುಳು ಬೀಳುವುದು, ಯಾವುದಾದರೂ ಸರಿ. ಅಲ್ಲಿ ದಿನಾಲು ಸಂಜೆ ನೋಡಿದ್ದನ್ನು ಕನ್ನಡದಲ್ಲಿ ಬರೆದಿಡಲಿ. ಹಾಗಾದರೆ ಅಪ್ಪ, ಅವ್ವ, ಅಜ್ಜ ಎಲ್ಲರೂ ಓದಿ ಕೇಳಬಹುದು. ಬಂದ ಮೇಲೆ ಹತ್ತು ಗುಂಟೆಯಲ್ಲಿ ಹೊಸ ರೀತಿ, ಪಕ್ಕದ ಹತ್ತು ಗುಂಟೆಯಲ್ಲಿ ಹಳೆಯ ರೀತಿ ಮಾಡಿ, ಖರ್ಚು ಮತ್ತು ರಾಶಿ ಎರಡನ್ನೂ ತೂಗಿ ಬರೆಯಲಿ. ಒಂದು ವರ್ಷದ ಮಳೆಯನ್ನು ನಂಬಿ ತೀರ್ಮಾನಿಸದೆ ಎರಡು ಮೂರು ಹಂಗಾಮು ನೋಡಿರಿ. ಹಳೆಯದೇ ಗೆದ್ದರೆ ನಾಚಿಕೆಯಿಲ್ಲ. ಹೊಸದು ಗೆದ್ದರೆ ನೆರೆಹೊರೆಯವರನ್ನು ಕರೆದು ತೋರಿಸಿರಿ.