ಹಡಗಿನ ಪಟ್ಟಿಯಲ್ಲೊಂದು ಊರು

ಕಳೆದ ಮಾಗಿಯಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಿಂದ ಬಂದ ಹಿರಿಯರೊಬ್ಬರು ಜಯನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಮಡಿಸಿದ ಹಾಳೆಯೊಂದನ್ನು ನನ್ನ ಮುಂದಿರಿಸಿದರು. ಅವರ ಮುತ್ತಜ್ಜ ಮದರಾಸಿನಲ್ಲಿ ಹಡಗು ಹತ್ತಿದ ಕರಾರಿನ ಕೂಲಿ. 1860ರ ನವೆಂಬರ್ 16ರಂದು ‘ಟ್ರೂರೊ’ ಹಡಗು ಡರ್ಬನ್ ಮುಟ್ಟಿದಂದಿನಿಂದ 1911ರವರೆಗೆ ಭಾರತದಿಂದ ಹಾಗೆ ಹೋದವರು ಒಂದೂವರೆ ಲಕ್ಷಕ್ಕೂ ಮಿಕ್ಕು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಅದರೆದುರು ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಗ್ರಾಮ. ಗುಮಾಸ್ತನ ಕಿವಿಗೆ ಬಿದ್ದದ್ದೇ ಬರಹ.

ಜಿಲ್ಲೆ ಮೈಸೂರು, ಗ್ರಾಮ ಹೊಸಹಳ್ಳಿ. ಠಾಣೆಯ ಅಂಕಣ ಬರಿದು. ‘ಇದು ಎಲ್ಲಿದೆ?’ ಎಂದರು. ನಾನೇನು ಹೇಳಲಿ! ಇಲ್ಲಿಯೇ ವಿಜಯನಗರದ ಮಗ್ಗುಲಲ್ಲಿ ಒಂದಿದೆ. ಹೊಸಹಳ್ಳಿಯಿಲ್ಲದ ತಾಲ್ಲೂಕನ್ನು ಹುಡುಕುವುದೇ ಕಷ್ಟ. ತಂದೆಯ ಹೆಸರೋ, ಇಂಗ್ಲಿಷ್ ಅಕ್ಷರಗಳಲ್ಲಿ ಲಕಾರ ಳಕಾರಗಳ, ಹ್ರಸ್ವ ದೀರ್ಘಗಳ ಭೇದವಳಿದು, ಕಾಳನೋ ಕಲ್ಲನೋ ತಿಳಿಯದಾಗಿತ್ತು.

‘ನಮ್ಮಲ್ಲಿ ಅಜ್ಜಿಯನ್ನು ಅವ್ವ ಎನ್ನುತ್ತೇವೆ, ನಾವು ಕನ್ನಡದವರಲ್ಲವೆ?’ ಎಂದು ಕೇಳಿದರು, ಇಂಗ್ಲಿಷಿನಲ್ಲಿಯೇ. ಅಜ್ಜಿಗೆ ಅವ್ವ ಎನ್ನುವುದು ತೆಲುಗಿನ ರೂಢಿ. ನಮಗೆ ಸಾಮಾನ್ಯವಾಗಿ ಅವ್ವನೆಂದರೆ ತಾಯಿ. ಪಾಠ ಹೇಳಿ ರೂಢಿಯಾದ ನಾಲಗೆ, ಹೇಳಿಬಿಟ್ಟೆ. ಅವರ ಮುಖ ಬಾಡಿತು. ಕೋಲಾರದ ಕಡೆ ಎರಡು ನುಡಿಗಳೂ ಒಂದೇ ಮನೆಯಲ್ಲಿ ಬಾಳುವುದುಂಟೆಂದು ಆಮೇಲೆ ಸೇರಿಸಿದೆ.

ಹೊರಡುವ ಮುನ್ನ, ಆ ಹಾಳೆಯ ಮೇಲೆ ಊರಿನ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿರೆಂದರು. ಬರೆದೆ. ಕೊನೆಯ ಅಕ್ಷರದ ಮೇಲೆ ಬೆರಳಾಡಿಸುತ್ತ, ಅದನ್ನು ಉಚ್ಚರಿಸುವುದು ಹೇಗೆಂದು ಕೇಳಿದರು.